ಜೋಡಿ ಇಲಿಗಳಿಗೊಂದು ಮನೆ

ಮನೆಯಲ್ಲಿ ಇಲಿ ಕಾಣಿಸಿತೆಂದರೆ ಅಮ್ಮನ ಕೈಗೆ ಪೊರಕೆ ಬರುತ್ತದೆ, ಅಪ್ಪ ಅಟ್ಟದ ಮೇಲಿನ ಬೋನನ್ನು ಕೆಳಗಿಳಿಸುತ್ತಾರೆ, ಮಕ್ಕಳು ಮಂಚ ಹತ್ತಿ ನಿಲ್ಲುತ್ತಾರೆ. ಚೌತಿಯ ದಿನ ಮಣ್ಣಿನ ಮೂಷಿಕನಿಗೂ ಒಂದು ಹೂವಿಟ್ಟು ಕೈಮುಗಿಯುವ ಮನೆಯಲ್ಲೇ, ಮರುದಿನ ಅಕ್ಕಿ ಮೂಟೆಯ ಹಿಂದೆ ಸರಸರ ಸದ್ದು ಕೇಳಿದರೆ ಬೋನಿಗೆ ಕೊಬ್ಬರಿ ಚೂರು ಸಿಕ್ಕಿಸುತ್ತಾರೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ದವಸ ತಿಂದು, ಬಟ್ಟೆ ಕಡಿದು, ರೋಗ ಹರಡುವ ಪ್ರಾಣಿಯನ್ನು ಯಾರು ತಾನೇ ಉಪಚರಿಸಿಯಾರು? 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಜನ ಊರು ಬಿಟ್ಟು ಓಡಿದ ನೆನಪು ಬಹುಕಾಲ ಉಳಿಯಿತು. ಇಲಿ ಬಿತ್ತು ಎಂಬ ಒಂದು ಮಾತಿಗೆ ಹಳ್ಳಿಗಳೇ ಖಾಲಿಯಾಗುತ್ತಿದ್ದವು.

ಇಂತಹ ಇಲಿಯನ್ನೇ ಮನೆಗೆ ಕರೆತಂದು, ಹೆಸರಿಟ್ಟು, ಹೆಗಲ ಮೇಲೆ ಕೂರಿಸಿಕೊಂಡು ಸಾಕುವವರು ಇದ್ದಾರೆ ಎಂದರೆ ಓದುಗರು ಹುಬ್ಬೇರಿಸಬಹುದು. ಅಂಗಡಿಯಲ್ಲಿ ಕೊಂಡ ಚೆಂದದ ಮರಿಗಳನ್ನಲ್ಲ. ಯಾರೋ ಬಿಟ್ಟುಹೋದ, ಮನುಷ್ಯನ ನೆರಳು ಕಂಡರೆ ನಡುಗುವ ಇಲಿಗಳನ್ನು, ಅದೂ ಒಂದನ್ನಲ್ಲ, ಎರಡನ್ನು ಒಟ್ಟಿಗೇ ತರುತ್ತಾರೆ. ಅಮೆರಿಕ, ಇಂಗ್ಲೆಂಡುಗಳಲ್ಲಿ ಹೀಗೆ ಅನಾಥ ಇಲಿಗಳಿಗೆ ಮನೆ ಹುಡುಕಿಕೊಡುವುದಕ್ಕೆಂದೇ ಸ್ವಯಂಸೇವಕರ ಗುಂಪುಗಳಿವೆ.

2006ರಲ್ಲಿ ಕ್ಯಾಲಿಫೋರ್ನಿಯಾದ ಪೆಟಲೂಮ ಎಂಬ ಊರಿನಲ್ಲಿ ಒಂದೇ ಒಂದು ಪುಟ್ಟ ಮನೆಯೊಳಗೆ ಸಾವಿರಕ್ಕೂ ಹೆಚ್ಚು ಸಾಕಿದ ಇಲಿಗಳು ಪತ್ತೆಯಾದವು. ಇಂತಹ ಸಂದರ್ಭಗಳಲ್ಲಿ ಪ್ರಾಣಿ ಆಶ್ರಯಧಾಮಗಳು ತುಂಬಿಹೋಗುತ್ತವೆ. ಮನೆಗೊಯ್ಯಲು ಬಂದವರ ಬಳಿಗೆ ಧೈರ್ಯದ ಇಲಿಗಳು ತಾವೇ ಓಡಿ ಬಂದು ಬೆರಳು ಮೂಸುತ್ತವೆ. ಅವುಗಳಿಗೆ ಬೇಗ ಮನೆ ಸಿಗುತ್ತದೆ. ಪಂಜರದ ಹಿಂಬದಿಯ ಮೂಲೆಯಲ್ಲಿ ಒಂದರ ಮೇಲೊಂದು ಒರಗಿಕೊಂಡು, ಮೂತಿ ಅಡಗಿಸಿ ಕುಳಿತ ಅಂಜುಬುರುಕ ಜೋಡಿ ಮಾತ್ರ ಕೊನೆಯವರೆಗೂ ಅಲ್ಲೇ ಉಳಿಯುತ್ತದೆ. ಈ ವಾರದ ಮಾತು ಅಂತಹ ಜೋಡಿಯನ್ನು ಕುರಿತದ್ದು.

ಇವು ಯಾವ ಇಲಿಗಳು?

ಕನ್ನಡದಲ್ಲಿ ಇಲಿ ಎಂಬ ಒಂದೇ ಮಾತಿನೊಳಗೆ ಹಲವು ಪ್ರಾಣಿಗಳಿವೆ. ಅಂಗೈಯೊಳಗೆ ಅಡಗುವ ಸುಂಡಿಲಿ ಬೇರೆ, ಚರಂಡಿಯ ಹೆಗ್ಗಣ ಬೇರೆ, ಅಟ್ಟ ಮಾಡುಗಳಲ್ಲಿ ಓಡಾಡುವ ಕಪ್ಪು ಇಲಿ ಬೇರೆ. ಸಾಕುವ ಇಲಿ ಇವು ಮೂರೂ ಅಲ್ಲ. ಅದು ರಾಟಸ್ ನಾರ್ವೆಜಿಕಸ್ ಎಂಬ ಪ್ರಭೇದಕ್ಕೆ ಸೇರಿದ ಕಂದು ಇಲಿಯ ವಂಶದ್ದು. ಹೆಸರಿನಲ್ಲಿ ನಾರ್ವೆ ಇದ್ದರೂ ಇದರ ಮೂಲ ನಾರ್ವೆಯಲ್ಲ, ಮಂಗೋಲಿಯ ಮತ್ತು ಉತ್ತರ ಚೀನಾದ ಬಯಲುಗಳು. 1769ರಲ್ಲಿ ಬ್ರಿಟನ್ನಿನ ಜಾನ್ ಬರ್ಕೆನ್‌ಹೌಟ್ ಎಂಬಾತ ಇದಕ್ಕೆ ಈ ಹೆಸರಿಟ್ಟ. ತಪ್ಪು ಹೆಸರು ಹಾಗೆಯೇ ನಿಂತುಬಿಟ್ಟಿತು.

ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಜ್ಯಾಕ್ ಬ್ಲ್ಯಾಕ್ ಎಂಬ ಇಲಿ ಹಿಡಿಯುವವನಿದ್ದ. ವಿಕ್ಟೋರಿಯಾ ರಾಣಿಯ ಇಲಿ ಹಿಡಿಯುವವನು ತಾನೆಂದು ಹೇಳಿಕೊಳ್ಳುತ್ತಿದ್ದ ಈತ ಎದೆಗೆ ಇಲಿಯ ಅಚ್ಚುಗಳಿದ್ದ ಪಟ್ಟಿ ಕಟ್ಟಿಕೊಂಡು ಬೀದಿಯಲ್ಲಿ ತಿರುಗುತ್ತಿದ್ದನಂತೆ. ಹಿಡಿದ ಇಲಿಗಳಲ್ಲಿ ಬಿಳಿ, ಮಾಸಲು, ಮಚ್ಚೆ ಬಣ್ಣದವು ಸಿಕ್ಕರೆ ಕೊಲ್ಲದೆ ಇಟ್ಟುಕೊಂಡು, ಅವುಗಳಿಂದ ಸಂತಾನ ಬೆಳೆಸಿ ಮಾರುತ್ತಿದ್ದ. ಕೊಳ್ಳುತ್ತಿದ್ದವರಲ್ಲಿ ಸಿರಿವಂತರ ಮನೆಯ ಹೆಣ್ಣುಮಕ್ಕಳೂ ಇದ್ದರು. ಇಲಿಯನ್ನು ಕೊಂದು ಹೊಟ್ಟೆ ಹೊರೆಯುತ್ತಿದ್ದವನೇ ಇಲಿ ಸಾಕುವ ಹವ್ಯಾಸಕ್ಕೂ ಕಾರಣನಾದದ್ದು ವಿಚಿತ್ರ. 1901ರಲ್ಲಿ ಮೇರಿ ಡಗ್ಲಸ್ ಎಂಬ ಮಹಿಳೆ ಪಟ್ಟು ಹಿಡಿದು, ಐಲ್ಸ್‌ಬರಿಯಲ್ಲಿ ನಡೆದ ಸುಂಡಿಲಿಗಳ ಪ್ರದರ್ಶನದಲ್ಲಿ ದೊಡ್ಡ ಇಲಿಗಳಿಗೂ ಸ್ಥಾನ ಕೊಡಿಸಿದಳು. ಆಕೆ ತಂದ ಕಪ್ಪು ಬಿಳುಪಿನ ಇಲಿಗೇ ಬಹುಮಾನವೂ ಬಂತು. 1976ರಲ್ಲಿ ಬ್ರಿಟನ್ನಿನಲ್ಲಿ ಸಾಕು ಇಲಿಗಳಿಗೆಂದೇ ರಾಷ್ಟ್ರೀಯ ಸಂಘವೊಂದು ಹುಟ್ಟಿಕೊಂಡಿತು.

ಇನ್ನೊಂದು ಕವಲು ಪ್ರಯೋಗಾಲಯದ ಕಡೆಗೆ ಹೋಯಿತು. ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ 1906ರಿಂದ ಬೆಳೆಸಿದ ಬಿಳಿ ಇಲಿಗಳ ವಂಶ ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಇದೆ. ಹೀಗೆ ಸುಮಾರು ಒಂದೂವರೆ ಶತಮಾನ ಮನುಷ್ಯನ ಕೈಯಲ್ಲಿ ಬೆಳೆದ ಸಾಕು ಇಲಿಗೂ ಚರಂಡಿಯ ಕಾಡು ಇಲಿಗೂ ನಡುವೆ ಸ್ವಭಾವದಲ್ಲಿ, ನಾಯಿಗೂ ತೋಳಕ್ಕೂ ಇರುವಂತಹ ಅಂತರವಿದೆ.

ಎರಡು ಸಾವಿರವಾಗುವ ಲೆಕ್ಕ

ಪೆಟಲೂಮದಂತಹ ಮನೆಗಳು ಹೇಗೆ ಹುಟ್ಟುತ್ತವೆ? ಒಂದು ಗಂಡು, ಒಂದು ಹೆಣ್ಣು ಇಲಿಯನ್ನು ಒಟ್ಟಿಗೆ ಬಿಟ್ಟರೆ ಸಾಕು. ವಿದ್ಯಾರ್ಥಿಗಳು ಕಾಗದ, ಪೆನ್ಸಿಲು ಹಿಡಿದು ಲೆಕ್ಕ ಹಾಕಬಹುದು. ಇಲಿಯ ಗರ್ಭಾವಧಿ 21ರಿಂದ 23 ದಿನ. ಒಂದು ಸೂಲಿಗೆ ಸುಮಾರು 10 ಮರಿಗಳೆಂದು ಇಟ್ಟುಕೊಳ್ಳಿ. ಹೆತ್ತ ಒಂದೆರಡು ದಿನಗಳಲ್ಲೇ ತಾಯಿ ಮತ್ತೆ ಗರ್ಭ ಧರಿಸಬಲ್ಲದು. ಮರಿಗಳು ಐದಾರು ವಾರಗಳಲ್ಲೇ ಪ್ರಾಯಕ್ಕೆ ಬರುತ್ತವೆ.

ಮೂರನೆಯ ವಾರಕ್ಕೆ 2 ಇಲಿಗಳು 12 ಆಗುತ್ತವೆ. ಹನ್ನೆರಡನೆಯ ವಾರದ ಹೊತ್ತಿಗೆ ತಾಯಿ ಇನ್ನೆರಡು ಸೂಲು ಹೆತ್ತಿದ್ದರೆ 20 ಸೇರಿತು. ಮೊದಲ ಸೂಲಿನ ಹೆಣ್ಣುಮರಿಗಳು 5 ಇದ್ದರೆ ಅವು ತಲಾ 10 ಹೆತ್ತು 50 ಸೇರಿಸುತ್ತವೆ. ಮೂರು ತಿಂಗಳಲ್ಲಿ ಒಟ್ಟು 82! ವರ್ಷದ ಕೊನೆಗೆ ಎಷ್ಟಾದೀತೆಂದು ಬರೆಯುವ ಅಗತ್ಯವಿಲ್ಲ. ಆದ್ದರಿಂದಲೇ ಆಶ್ರಯಧಾಮಗಳು ಜೋಡಿ ಎಂದರೆ ಗಂಡು ಹೆಣ್ಣಿನ ಜೋಡಿ ಕೊಡುವುದಿಲ್ಲ. ಇಬ್ಬರು ಅಕ್ಕತಂಗಿಯರು, ಇಲ್ಲವೇ ಇಬ್ಬರು ಅಣ್ಣತಮ್ಮಂದಿರು, ಅಥವಾ ಶಸ್ತ್ರಕ್ರಿಯೆಯಿಂದ ಸಂತಾನಶಕ್ತಿ ತೆಗೆದವು ಮಾತ್ರ.

ಅಂಜಿಕೆ ಎಲ್ಲಿಂದ ಬಂತು?

ಒಂದೇ ಗೂಡಿನ ಮರಿಗಳಲ್ಲಿ ಒಂದು ಧೈರ್ಯಶಾಲಿ, ಇನ್ನೊಂದು ಪುಕ್ಕಲು ಏಕೆ? ಇದಕ್ಕೆ ವಿಜ್ಞಾನ ಎರಡು ದಿಕ್ಕಿನಿಂದ ಉತ್ತರ ಹುಡುಕಿದೆ.

ಮೊದಲನೆಯದು ಅನುವಂಶೀಯತೆ. ಸೈಬೀರಿಯಾದ ನೊವೊಸಿಬಿರ್ಸ್ಕ್ ನಗರದಲ್ಲಿ 1972ರಲ್ಲಿ ಕಾಡು ಇಲಿಗಳನ್ನು ಹಿಡಿದು ವಿಜ್ಞಾನಿಗಳು ಎರಡು ಗುಂಪು ಮಾಡಿದರು. ಒಂದರಲ್ಲಿ ಪ್ರತಿ ತಲೆಮಾರಿನ ಅತಿ ಸಾಧು ಇಲಿಗಳಿಗೆ ಮಾತ್ರ, ಇನ್ನೊಂದರಲ್ಲಿ ಅತಿ ಸಿಡುಕಿನವಕ್ಕೆ ಮಾತ್ರ ಸಂತಾನಕ್ಕೆ ಅವಕಾಶ ಕೊಟ್ಟರು. ತಲೆಮಾರುಗಳು ಕಳೆದಂತೆ ಒಂದು ಗುಂಪು ಕೈಗೆ ಹತ್ತಿ ಕುಳಿತುಕೊಳ್ಳುವಂತಾಯಿತು. ಇನ್ನೊಂದು ಗುಂಪು ಕೈ ಕಂಡರೆ ಎಗರಿ ಕಚ್ಚುವಂತಾಯಿತು.

ಎರಡನೆಯದು ತಾಯಿಯ ಮಡಿಲು. ಕೆನಡಾದ ಮಾಂಟ್ರಿಯಲ್ ನಗರದ ಮೆಗಿಲ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಮೀನಿ ಮತ್ತು ಸಂಗಡಿಗರು ತಾಯಿ ಇಲಿಗಳನ್ನು ಗಮನಿಸಿದರು. ಕೆಲವು ತಾಯಂದಿರು ಮರಿಗಳನ್ನು ಹೆಚ್ಚು ನೆಕ್ಕುತ್ತವೆ, ಕೆಲವು ಕಡಿಮೆ. ಹೆಚ್ಚು ನೆಕ್ಕಿಸಿಕೊಂಡ ಮರಿಗಳು ಬೆಳೆದ ಮೇಲೆ ಅಪಾಯದ ಮುಂದೆ ಅಷ್ಟಾಗಿ ಕಂಗಾಲಾಗುವುದಿಲ್ಲ, ಗಾಬರಿ ಬೇಗ ಇಳಿಯುತ್ತದೆ ಎಂದು 1997ರಲ್ಲಿ ಅವರು ಪ್ರಕಟಿಸಿದರು. ಮುಂದೆ ಮರಿಗಳನ್ನು ಅದಲುಬದಲು ಮಾಡಿ ನೋಡಿದಾಗ, ಹೆತ್ತ ತಾಯಿಗಿಂತ ಸಾಕಿದ ತಾಯಿಯ ನಡವಳಿಕೆಯೇ ಮರಿಯ ಸ್ವಭಾವದಲ್ಲಿ ಕಾಣಿಸಿತು.

ನೂರಾರು ಇಲಿಗಳು ಕಿಕ್ಕಿರಿದ ಕೋಣೆಯಲ್ಲಿ ಹುಟ್ಟಿದ ಮರಿಗೆ ನೆಮ್ಮದಿಯ ಮಡಿಲೂ ಇಲ್ಲ, ಮೃದುವಾಗಿ ಮುಟ್ಟುವ ಮನುಷ್ಯನ ಕೈಯೂ ಇಲ್ಲ. ಅದು ಅಂಜಿದರೆ ತಪ್ಪು ಅದರದಲ್ಲ.

ಇದರ ಮೇಲೆ ಇಲಿ ಕುಲಕ್ಕೇ ಅಂಟಿದ ಇನ್ನೊಂದು ಗುಣವಿದೆ. ಹೊಸದೆಲ್ಲವನ್ನೂ ಇಲಿ ಸಂಶಯದಿಂದ ನೋಡುತ್ತದೆ. ಅದಕ್ಕೆ ಕಾರಣ ಅದರ ಹೊಟ್ಟೆ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ವಿಷ ಒಳಗೆ ಹೋದರೆ ಹೊರಗೆ ಹಾಕುವ ದಾರಿಯಿಲ್ಲ. ಹಾಗಾಗಿ ಹೊಸ ತಿನಿಸನ್ನು ಕೊಂಚವೇ ರುಚಿ ನೋಡಿ ಕಾಯುತ್ತದೆ. ಮೈ ಕೆಟ್ಟರೆ ಆ ರುಚಿಯನ್ನು ಮತ್ತೆ ಮುಟ್ಟುವುದಿಲ್ಲ. ಮನೆಯಲ್ಲಿ ಇಲಿ ಪಾಷಾಣ ಇಟ್ಟವರಿಗೆ ಈ ಜಾಣತನದ ಪರಿಚಯ ಇದ್ದೇ ಇರುತ್ತದೆ. ಪಂಜರದ ಮೂಲೆಯಲ್ಲಿ ನಡುಗುವ ಇಲಿಯ ಸಂಶಯವೂ ಅದೇ ಜಾಣತನದ ಇನ್ನೊಂದು ಮುಖ.

ಒಂಟಿ ಬೇಡ, ಜೋಡಿ ಇರಲಿ

ಒಂದೇ ಇಲಿ ಕೊಡಿ, ಸಾಕುವುದು ಸುಲಭ ಎಂದು ಕೇಳುವವರು ಬಹಳ. ಆಶ್ರಯಧಾಮದವರು ಒಪ್ಪುವುದಿಲ್ಲ. ಅದಕ್ಕೆ ಸರಿಯಾದ ಕಾರಣಗಳಿವೆ.

ಇಲಿ ಸಂಘಜೀವಿ. ಒಂದರ ಮೈಯನ್ನು ಇನ್ನೊಂದು ಒಪ್ಪ ಮಾಡುತ್ತದೆ, ಒಂದರ ಮೇಲೊಂದು ಬಿದ್ದು ಮಲಗುತ್ತದೆ. ಮನುಷ್ಯ ದಿನಕ್ಕೆ ಒಂದೆರಡು ಗಂಟೆ ಜೊತೆಗಿರಬಹುದು. ಇಲಿ ಚುರುಕಾಗುವ ಸಂಜೆ, ರಾತ್ರಿ, ಬೆಳಗಿನ ಜಾವಗಳಲ್ಲಿ ಅವನು ನಿದ್ದೆಯಲ್ಲಿರುತ್ತಾನೆ.

2011ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಇನ್ಬಾಲ್ ಬೆನ್ ಆಮಿ ಬಾರ್ಟಾಲ್, ಜ್ಯಾಂ ಡೆಸೆಟಿ ಮತ್ತು ಪೆಗ್ಗಿ ಮೇಸನ್ ಒಂದು ಪ್ರಯೋಗ ಮಾಡಿದರು. ಒಂದೇ ಪಂಜರದಲ್ಲಿ ಬಾಳಿದ ಎರಡು ಇಲಿಗಳಲ್ಲಿ ಒಂದನ್ನು ಇಕ್ಕಟ್ಟಾದ ಕೊಳವೆಯೊಳಗೆ ಕೂಡಿದರು. ಹೊರಗಿದ್ದ ಇಲಿ ಅದರ ಸುತ್ತ ಸುಳಿದಾಡಿತು. ಕೆಲವು ದಿನಗಳಲ್ಲಿ ಕೊಳವೆಯ ಬಾಗಿಲು ತೆರೆಯುವುದನ್ನು ತಾನೇ ಕಲಿತು ಗೆಳೆಯನನ್ನು ಬಿಡಿಸಿತು. ಯಾರೂ ಅದಕ್ಕೆ ಬಹುಮಾನ ಕೊಟ್ಟಿರಲಿಲ್ಲ. ಬಳಿಕ ಇನ್ನೊಂದು ಕೊಳವೆಯಲ್ಲಿ ಚಾಕೊಲೆಟ್ ಚೂರುಗಳನ್ನಿಟ್ಟರು. ಹಲವು ಇಲಿಗಳು ಎರಡೂ ಬಾಗಿಲು ತೆರೆದು, ಬಿಡಿಸಿದ ಗೆಳೆಯನ ಜೊತೆ ಚಾಕೊಲೆಟ್ ಹಂಚಿಕೊಂಡವು. ಇದು ಮನುಷ್ಯನ ಕರುಣೆಯಂತಹುದೇ ಎಂದು ವಿಜ್ಞಾನಿಗಳು ಇಂದೂ ವಾದಿಸುತ್ತಾರೆ. ಆದರೆ ಜೊತೆಗಾರ ಇಲಿಗೆ ಬೇಕಾದವನು ಎಂಬುದರಲ್ಲಿ ವಾದವಿಲ್ಲ.

ಪುಕ್ಕಲು ಇಲಿಗಳ ಮಟ್ಟಿಗೆ ಇನ್ನೊಂದು ಸಂಶೋಧನೆ ಹೆಚ್ಚು ಮುಖ್ಯ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಬೆನೆಟ್ ಗೇಲಫ್ 1980ರ ದಶಕದಲ್ಲಿ ತೋರಿಸಿದಂತೆ, ಒಂದು ಇಲಿ ಹೊಸ ತಿನಿಸು ತಿಂದು ಬಂದರೆ ಇನ್ನೊಂದು ಅದರ ಬಾಯಿಯ ಬಳಿ ಮೂಸಿ ನೋಡುತ್ತದೆ. ಉಸಿರಿನಲ್ಲಿ ಆ ತಿನಿಸಿನ ವಾಸನೆ ಸಿಕ್ಕರೆ ತಾನೂ ಅದನ್ನೇ ಆರಿಸಿಕೊಳ್ಳುತ್ತದೆ. ಇವನು ತಿಂದು ಬದುಕಿದ್ದಾನೆ, ಹಾಗಾದರೆ ಭಯವಿಲ್ಲ ಎಂಬ ತೀರ್ಮಾನ. ಜೋಡಿಯಲ್ಲಿ ಒಂದು ಇಲಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಧೈರ್ಯದ್ದಾಗಿದ್ದರೂ ಸಾಕು, ಅದು ಕಲಿತದ್ದು ಇನ್ನೊಂದಕ್ಕೆ ತಲುಪುತ್ತದೆ. ಜೋಡಿಯನ್ನು ಒಡೆದರೆ ಈ ಸೇತುವೆಯೇ ಕಳಚಿಬೀಳುತ್ತದೆ.

ಮನೆಗೆ ಬಂದ ಮೇಲೆ

ಕ್ಯಾಲಿಫೋರ್ನಿಯಾದ ಒಂದು ಮನೆಯಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಇಂತಹ ಇಬ್ಬರು ಅಕ್ಕತಂಗಿಯರನ್ನು ತರುತ್ತಾಳೆ ಎಂದು ಊಹಿಸಿಕೊಳ್ಳಿ. ಅವಳು ಮಾಡಬೇಕಾದ ಮೊದಲ ಕೆಲಸ, ಏನೂ ಮಾಡದಿರುವುದು.

ಪಂಜರ ಮೊದಲೇ ಸಿದ್ಧವಿರಬೇಕು. ಪ್ರತಿ ಇಲಿಗೆ ಕನಿಷ್ಠ ಎರಡು ಘನ ಅಡಿ ಜಾಗ ಎಂಬುದು ಅಮೆರಿಕದಲ್ಲಿ ಬಳಕೆಯಲ್ಲಿರುವ ಲೆಕ್ಕ, ಹೆಚ್ಚಿದ್ದಷ್ಟೂ ಒಳ್ಳೆಯದು. ಕಂಬಿಗಳ ನಡುವೆ ಅರ್ಧ ಅಂಗುಲಕ್ಕಿಂತ ಹೆಚ್ಚು ಸಂದಿ ಇರಬಾರದು. ನೆಲ ಬರಿಯ ತಂತಿಯದಾದರೆ ಅಂಗಾಲು ಹುಣ್ಣಾಗುತ್ತದೆ. ದೇವದಾರು, ಪೈನ್ ಮರದ ಹೊಟ್ಟು ಹಾಸಬಾರದು. ಅದರ ಘಾಟು ಶ್ವಾಸಕ್ಕೆ ಒಳ್ಳೆಯದಲ್ಲ. ಕಾಗದದ ಚೂರು, ಹಳೆಯ ಬಟ್ಟೆ ಸಾಕು. ಮುಖ್ಯವಾಗಿ, ಅಡಗಿಕೊಳ್ಳಲು ಗೂಡು ಇರಲೇಬೇಕು. ಬೇಗ ಪಳಗಲಿ ಎಂದು ಅಡಗುತಾಣ ತೆಗೆದುಹಾಕುವವರಿದ್ದಾರೆ. ಅದರಿಂದ ಅಂಜಿಕೆ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ.

ಮೊದಲ ಎರಡು ಮೂರು ದಿನ ಹುಡುಗಿ ಪಂಜರದ ಪಕ್ಕ ಕುಳಿತು ತನ್ನ ಪಾಠ ಓದಿಕೊಳ್ಳಲಿ, ಮೆಲುದನಿಯಲ್ಲಿ ಗಟ್ಟಿಯಾಗಿಯೇ ಓದಲಿ. ದನಿ ಪರಿಚಯವಾಗುತ್ತದೆ. ಅವಳು ತೊಟ್ಟ ಹಳೆಯ ಅಂಗಿಯ ತುಂಡೊಂದನ್ನು ಗೂಡಿನಲ್ಲಿಡಬೇಕು. ಇಲಿಗೆ ಕಣ್ಣು ಮಂದ, ಮೂಗು ಚುರುಕು. ಮನುಷ್ಯ ಅದಕ್ಕೆ ಮೊದಲು ಒಂದು ವಾಸನೆ, ಆಮೇಲೆ ಒಂದು ದನಿ, ಕೊನೆಗೆ ಒಂದು ಮುಖ.

ನಂತರ ಒಂದು ಚಮಚದ ತುದಿಗೆ ಮೊಸರು ಸವರಿ ಹಿಡಿಯಬೇಕು. ಕಾಳನ್ನಾದರೆ ಇಲಿ ಕಸಿದುಕೊಂಡು ಮೂಲೆಗೆ ಓಡುತ್ತದೆ. ಮೊಸರನ್ನು ಹೊತ್ತೊಯ್ಯಲು ಬರುವುದಿಲ್ಲ, ಅಲ್ಲೇ ನಿಂತು ನೆಕ್ಕಬೇಕು. ದಿನ ಕಳೆದಂತೆ ಚಮಚ ಗಿಡ್ಡವಾಗಿ, ಕೊನೆಗೆ ಬೆರಳೇ ಚಮಚವಾಗುತ್ತದೆ. ಕೈ ಯಾವಾಗಲೂ ಬದಿಯಿಂದ, ಕೆಳಗಿನಿಂದ ಬರಬೇಕು. ಮೇಲಿನಿಂದ ಬರುವ ಕೈ ಇಲಿಗೆ ಕೈಯಲ್ಲ, ಗಿಡುಗ. ಬಾಲ ಹಿಡಿದು ಎತ್ತಲೇಬಾರದು; ಬಾಲದ ಚರ್ಮ ಕಿತ್ತುಬರುವ ಅಪಾಯವಿದೆ.

ಮೊದಲ ವಾರ ಬೆರಳಿಗೆ ಬಂದ ಇಲಿ ಎರಡನೆಯ ವಾರ ಮತ್ತೆ ಗೂಡು ಸೇರಬಹುದು. ಬಾಗಿಲು ಧಡಾರನೆ ಬಡಿದರೆ ಹತ್ತು ದಿನದ ಕೆಲಸ ಹಾಳಾಗಬಹುದು. ಕೆಲವು ಜೋಡಿಗಳಿಗೆ ಮೂರು ವಾರ ಸಾಕು, ಕೆಲವಕ್ಕೆ ತಿಂಗಳುಗಳೇ ಬೇಕು. ಕೆಲವು ಕಡೆಯವರೆಗೂ ಮಡಿಲಿಗೆ ಬರುವುದಿಲ್ಲ. ಪಕ್ಕದಲ್ಲಿ ಕುಳಿತು ತಿನ್ನುವುದಷ್ಟೇ ಅವು ಕೊಡುವ ನಂಬಿಕೆ. ಇದನ್ನು ಮೊದಲೇ ಒಪ್ಪಿಕೊಂಡವರು ಮಾತ್ರ ಇಂತಹ ಜೋಡಿಯನ್ನು ತರಬೇಕು.

ಇಲಿಯ ಮಾತು ಕೇಳಿಸುವುದಿಲ್ಲ, ಕಾಣುತ್ತದೆ

ಮನುಷ್ಯನ ಕಿವಿಗೆ 20 ಕಿಲೋಹರ್ಟ್ಜ್‌ಗಿಂತ ಹೆಚ್ಚಿನ ಆವರ್ತನದ ಸದ್ದು ಕೇಳಿಸದು. ಇಲಿಗಳ ಮಾತುಕತೆ ಬಹುಪಾಲು ನಡೆಯುವುದು ಅದಕ್ಕಿಂತ ಮೇಲೆ. ಭಯ, ಸಂಕಟದಲ್ಲಿ ಅವು ಸುಮಾರು 22 ಕಿಲೋಹರ್ಟ್ಜ್‌ನ ನೀಳ ಸದ್ದು ಹೊರಡಿಸುತ್ತವೆ. ಆಟದಲ್ಲಿ ಸುಮಾರು 50 ಕಿಲೋಹರ್ಟ್ಜ್‌ನ ಚಿಲಿಪಿಲಿ. ಅಮೆರಿಕದ ಒಹಾಯೊ ರಾಜ್ಯದಲ್ಲಿ ಯಾಕ್ ಪ್ಯಾಂಕ್ಸೆಪ್ ಎಂಬ ವಿಜ್ಞಾನಿ 1990ರ ದಶಕದ ಕೊನೆಯಲ್ಲಿ ಎಳೆಯ ಇಲಿಗಳಿಗೆ ಕಚಗುಳಿ ಇಟ್ಟು ಈ ಚಿಲಿಪಿಲಿಯನ್ನು ದಾಖಲಿಸಿದರು. ಕಚಗುಳಿ ಇಟ್ಟ ಕೈಯನ್ನು ಇಲಿಗಳು ಬೆನ್ನಟ್ಟಿ ಬಂದವು. 2019ರಲ್ಲಿ ಬರ್ಲಿನ್ನಿನ ವಿಜ್ಞಾನಿಗಳು ಇಲಿಗಳಿಗೆ ಕಣ್ಣಾಮುಚ್ಚಾಲೆ ಆಟವನ್ನೇ ಕಲಿಸಿದರು. ಆಟದ ಕೊನೆಗೆ ತಿನಿಸಿಲ್ಲ, ಕಚಗುಳಿಯೇ ಬಹುಮಾನ.

ಕೇಳಿಸದ ಮಾತನ್ನು ಕಣ್ಣಿನಿಂದ ತಿಳಿಯಬೇಕು. ನೆಮ್ಮದಿಯಲ್ಲಿರುವ ಇಲಿ ಹಲ್ಲು ಮಸೆಯುತ್ತದೆ. ದವಡೆಯ ಸ್ನಾಯು ಕಣ್ಣಿನ ಹಿಂದಿನಿಂದ ಹಾದುಹೋಗುವುದರಿಂದ ಆಗ ಕಣ್ಣುಗುಡ್ಡೆ ಅದುರುತ್ತದೆ. ಮೊದಲ ಸಲ ನೋಡಿದವರು ಗಾಬರಿಯಾದರೂ ಅದು ಸಾಮಾನ್ಯವಾಗಿ ಸಂತೋಷದ ಗುರುತು. ಕೆಂಪು ಕಣ್ಣಿನ ಬಿಳಿ ಇಲಿ ತಲೆಯನ್ನು ಎಡಬಲ ತೂಗುವುದು ದೂರ ಅಳೆಯಲಿಕ್ಕೆ. ಕಣ್ಣು ಮೂಗಿನ ಸುತ್ತ ಕೆಂಪಗೆ ಒಸರಿದರೆ ಅದು ರಕ್ತವಲ್ಲ. ಕಣ್ಣಿನ ಹಿಂದಿನ ಗ್ರಂಥಿಯಿಂದ ಬರುವ ಪಾರ್ಫಿರಿನ್ ಎಂಬ ವಸ್ತು. ಆದರೆ ಅದು ಹೆಚ್ಚಾದರೆ ಇಲಿ ಹೆದರಿದೆ ಅಥವಾ ಕಾಯಿಲೆಯಲ್ಲಿದೆ ಎಂದರ್ಥ. ಹಳದಿ, ಕಿತ್ತಳೆ ಬಣ್ಣದ ಬಾಚಿ ಹಲ್ಲು ಕಂಡು ಕೊಳೆಯೆಂದು ತಿಳಿಯಬೇಡಿ, ಅದು ಎನಾಮೆಲ್ಲಿನಲ್ಲಿರುವ ಕಬ್ಬಿಣದ ಬಣ್ಣ. ಈ ಹಲ್ಲುಗಳು ಆಯುಷ್ಯವಿಡೀ ಬೆಳೆಯುತ್ತಲೇ ಇರುತ್ತವೆ. ಕಡಿಯಲು ಮರದ ತುಂಡು ಕೊಡಬೇಕಾದದ್ದು ಆ ಕಾರಣಕ್ಕೆ.

ಹೆತ್ತವರು ಯೋಚಿಸಬೇಕಾದದ್ದು

ಪ್ರಾಣಿ ಮಗುವಿನದು ಎಂದು ಹೇಳಿದರೂ ಜವಾಬ್ದಾರಿ ದೊಡ್ಡವರದೇ. ಪರೀಕ್ಷೆ ಬಂದಾಗ ಪಂಜರ ತೊಳೆಯುವವರು ಯಾರು? ಹಾಸು ಬದಲಿಸದೆ ಬಿಟ್ಟರೆ ಮೂತ್ರದಿಂದ ಅಮೋನಿಯ ಹೊಮ್ಮಿ ಇಲಿಯ ಶ್ವಾಸಕೋಶ ಕೆಡುತ್ತದೆ. ಸಾಕು ಇಲಿಗಳಲ್ಲಿ ಮೈಕೋಪ್ಲಾಸ್ಮ ಎಂಬ ರೋಗಾಣುವಿನಿಂದ ಬರುವ ಉಸಿರಾಟದ ತೊಂದರೆ ಬಹಳ ಸಾಮಾನ್ಯ. ಹೆಣ್ಣು ಇಲಿಗಳಲ್ಲಿ ಸ್ತನದ ಗಡ್ಡೆಗಳೂ ಹಾಗೆಯೇ. ವೈದ್ಯರ ವೆಚ್ಚ ಪ್ರಾಣಿಯ ಗಾತ್ರ ನೋಡಿ ಕಡಿಮೆಯಾಗುವುದಿಲ್ಲ. ಇಲಿಗೆ ಬಿಸಿಲೂ ಆಗದು. ನಾಯಿಯಂತೆ ನಾಲಿಗೆ ಚಾಚಿ ಏದುಸಿರಿನಿಂದ ಅದು ಮೈ ತಂಪು ಮಾಡಿಕೊಳ್ಳಲಾರದು; ಬೋಳು ಬಾಲದ ಮೂಲಕ ಶಾಖ ಹೊರಹಾಕುತ್ತದೆ.

ಇಲಿಯ ಕಡಿತದಿಂದ, ಗೀರಿನಿಂದ ಜ್ವರ ಬರುವ ಸಂಭವ ಸಾಕು ಇಲಿಗಳಲ್ಲೂ ಇದೆ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವುದು, ಮುಖಕ್ಕೆ ಮುತ್ತಿಡದಿರುವುದು, ಕಚ್ಚಿದರೆ ವೈದ್ಯರಿಗೆ ತೋರಿಸುವುದು ಕಡ್ಡಾಯ. ಕೂಸುಗಳಿರುವ ಮನೆಗೆ, ಕಾಯಿಲೆಯಿಂದ ರೋಗನಿರೋಧಕ ಶಕ್ತಿ ಕುಗ್ಗಿದವರಿರುವ ಮನೆಗೆ ಇದು ತಕ್ಕ ಪ್ರಾಣಿಯಲ್ಲ. ಎಲ್ಲ ಕಡೆ ಇಲಿ ಸಾಕಲು ಅನುಮತಿಯೂ ಇಲ್ಲ. ಇಲಿಮುಕ್ತ ಪ್ರಾಂತವೆಂದು ಹೆಮ್ಮೆಪಡುವ ಕೆನಡಾದ ಆಲ್ಬರ್ಟಾದಲ್ಲಿ ಮನೆಯಲ್ಲಿ ಇಲಿ ಸಾಕುವುದು ಅಪರಾಧ.

ಇಲ್ಲಿ ಕನ್ನಡದ ಮಕ್ಕಳಿಗೆ ಒಂದು ಎಚ್ಚರಿಕೆ. ಇದನ್ನೋದಿ ಬೋನಿಗೆ ಬಿದ್ದ ಮನೆಯ ಇಲಿಯನ್ನೋ ಗದ್ದೆಯ ಇಲಿಯನ್ನೋ ಪಳಗಿಸಲು ಯಾರೂ ಹೋಗಬಾರದು. ಲೆಪ್ಟೊಸ್ಪೈರೋಸಿಸ್ ಎಂಬ ರೋಗಕ್ಕೆ ಜನ ಇಲಿ ಜ್ವರ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಕಾಡು ಇಲಿ ಕಾಡು ಪ್ರಾಣಿಯೇ. ಒಂದೂವರೆ ಶತಮಾನದ ಆಯ್ಕೆ ಒಂದು ವಾರದ ಮೊಸರಿನಿಂದ ಆಗುವುದಿಲ್ಲ.

ಒಂದು ಉಳಿದಾಗ

ಎಲ್ಲಕ್ಕಿಂತ ಕಷ್ಟದ ಮಾತನ್ನು ಕೊನೆಗಿಟ್ಟುಕೊಳ್ಳುವುದು ವಾಡಿಕೆ. ಆದರೆ ಇಲಿ ತರುವ ಮನೆಯಲ್ಲಿ ಅದನ್ನು ಮೊದಲ ದಿನವೇ ಮಾತಾಡಿಕೊಳ್ಳಬೇಕು. ಸಾಕು ಇಲಿಯ ಆಯುಷ್ಯ ಎರಡರಿಂದ ಮೂರು ವರ್ಷ. ಆಶ್ರಯಧಾಮದಿಂದ ಬರುವಾಗಲೇ ಅದರಲ್ಲಿ ಒಂದು ಭಾಗ ಕಳೆದಿರುತ್ತದೆ. ಆರನೆಯ ತರಗತಿಯಲ್ಲಿ ಇಲಿ ತಂದ ಹುಡುಗಿ ಎಂಟನೆಯ ತರಗತಿ ಮುಗಿಸುವ ಮೊದಲೇ ಅವುಗಳನ್ನು ಮಣ್ಣು ಮಾಡಬೇಕಾಗುತ್ತದೆ. ಪಳಗಿಸಲು ಆರು ತಿಂಗಳು ಹಿಡಿದ ಪ್ರಾಣಿ ಇನ್ನೊಂದೂವರೆ ವರ್ಷದಲ್ಲಿ ಇಲ್ಲವಾಗುತ್ತದೆ ಎಂಬ ಲೆಕ್ಕ ಯಾವ ಮಗುವಿಗೂ ಸುಲಭದ್ದಲ್ಲ.

ಎರಡೂ ಒಂದೇ ದಿನ ಹೋಗುವುದೂ ಇಲ್ಲ. ಒಂದು ಮೊದಲು ಹೋಗುತ್ತದೆ. ಅನುಭವಿಗಳು ಸತ್ತ ಇಲಿಯನ್ನು ಕೂಡಲೇ ತೆಗೆಯದೆ, ಉಳಿದದ್ದು ಅದರ ಬಳಿ ಬಂದು ಮೂಸಿ ನೋಡಲು ಸ್ವಲ್ಪ ಹೊತ್ತು ಬಿಡುತ್ತಾರೆ. ಉಳಿದ ಇಲಿ ಕೆಲವು ದಿನ ಕಡಿಮೆ ತಿನ್ನಬಹುದು, ಗೂಡಿನಲ್ಲೇ ಇರಬಹುದು, ಸಂಗಾತಿ ಮಲಗುತ್ತಿದ್ದ ಜಾಗಕ್ಕೆ ಮತ್ತೆ ಮತ್ತೆ ಹೋಗಬಹುದು. ಆಗ ಮನೆಯವರ ಮುಂದೆ ಒಂದು ಪ್ರಶ್ನೆ ನಿಲ್ಲುತ್ತದೆ: ಅದನ್ನು ಒಂಟಿಯಾಗಿ ಬಿಡುವುದೇ, ಇಲ್ಲ ಮತ್ತೊಂದು ಜೋಡಿ ತರುವುದೇ? ತಂದರೆ ಒಮ್ಮೆಲೇ ಒಂದೇ ಪಂಜರಕ್ಕೆ ಹಾಕುವಂತಿಲ್ಲ. ಯಾರದೂ ಅಲ್ಲದ ಜಾಗದಲ್ಲಿ, ದಿನಕ್ಕೆ ಸ್ವಲ್ಪ ಹೊತ್ತು ಪರಿಚಯ ಮಾಡಿಸುತ್ತ ಬರಬೇಕು. ಒಂದು ಜೋಡಿ ತಂದವರು ಹೀಗೆ ಕೊಂಡಿಯಿಂದ ಕೊಂಡಿಗೆ ವರ್ಷಗಟ್ಟಲೆ ಇಲಿ ಸಾಕುವುದೂ ಉಂಟು. ಇನ್ನು ಸಾಕು ಎನ್ನುವವರು, ಉಳಿದ ಇಲಿಯನ್ನು ಬೇರೆ ಇಲಿಗಳಿರುವ ಮನೆಗೆ ಮರಳಿಸುವುದೂ ಉಂಟು. ಅದೂ ಪ್ರೀತಿಯೇ.

ಇಷ್ಟು ಕಡಿಮೆ ಬಾಳುವ, ಇಷ್ಟು ಅಂಜುವ ಪ್ರಾಣಿಯನ್ನು ತಂದು ಮಗುವಿಗೆ ಸಿಗುವುದಾದರೂ ಏನು ಎಂದು ಹೆತ್ತವರು ಕೇಳಬಹುದು. ಅದಕ್ಕೆ ಉತ್ತರ ಪಂಜರದ ಪಕ್ಕದಲ್ಲೇ ಇದೆ. ಪಾಠ ಗಟ್ಟಿಯಾಗಿ ಓದುತ್ತ ಕುಳಿತ ಹುಡುಗಿ ಒಂದು ಸಂಜೆ ಕೈ ಚಾಚುವುದನ್ನು ಮರೆತು ಪುಟ ತಿರುಗಿಸುತ್ತಿರುತ್ತಾಳೆ. ಆಗ ಮೀಸೆಯ ಕೂದಲೊಂದು ಬೆರಳಿಗೆ ತಾಗುತ್ತದೆ. ಧೈರ್ಯದ ಅಕ್ಕ ಬೆರಳ ತುದಿಯ ಮೊಸರು ನೆಕ್ಕಿ ಗೂಡಿಗೆ ಓಡುತ್ತದೆ. ಪುಕ್ಕಲು ತಂಗಿ ಅದರ ಬಾಯಿ ಮೂಸುತ್ತದೆ. ಸ್ವಲ್ಪ ಹೊತ್ತಿನ ಬಳಿಕ ಗೂಡಿನ ಬಾಗಿಲಲ್ಲಿ ಎರಡನೆಯ ಮೂತಿಯೂ ಕಾಣಿಸಿಕೊಳ್ಳುತ್ತದೆ. ಹುಡುಗಿ ಅಲುಗಾಡದೆ ಕುಳಿತಿರುತ್ತಾಳೆ. ತನಗಿಂತ ನೂರು ಪಟ್ಟು ಚಿಕ್ಕದಾದ ಜೀವವೊಂದು ತಾನಾಗಿ ಮನಸ್ಸು ಮಾಡುವವರೆಗೆ ಕಾಯುವುದನ್ನು ಅವಳು ಅಷ್ಟರಲ್ಲಿ ಕಲಿತಿರುತ್ತಾಳೆ.